ಅಟ್ಟದ ಮೇಲಿನ ಪದಗಳು

ಬಿಳಿಗೆರೆ
೧೪-೨-೨೦೨೫

ಪ್ರಿಯ ಸೂರ್ಯಪ್ರಕಾಶನಿಗೆ,

ನಾವೆಲ್ಲ ಕ್ಷೇಮ. ನಿನ್ನ ಕಾಗದಕ್ಕೆ ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿಕೊಂಡು ಬೈ. ನಮ್ಮ ಮನೆಯವಳು ವಿಮಲಳ ಹತ್ತಿರ ನಾನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ಧೈರ್ಯ ಸಾಲದೆ ದಿನ ತಳ್ಳುತ್ತಿದ್ದೇನೆ. ಅದರಲ್ಲಿ ನಿನಗೂ ಪಾಲಿದೆ ಕಣಯ್ಯ.

ನಾಲ್ಕು ವರ್ಷದಿಂದ ಅವಳು ಮೊಮ್ಮಗಳು ನಿಸರ್ಗಳ ಡಿಕ್ಷನರಿ ಹಿಡಿದು ಇಂಗ್ಲಿಷ್ ಕಲಿಯುತ್ತಿದ್ದಾಳೆ. ನೀನು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟದ್ದಲ್ಲ, ನಿನ್ನನ್ನೂ ತಡವರಿಸುವಂತೆ ಮಾಡುವ ಗಟ್ಟಿ ಪದಗಳು. ಅಟ್ಟಕ್ಕೆ ಕಾಯಿ ಹಾಕುವಾಗ ಕೆಲವು ಕಾಯಿಗಳ ಸಿಪ್ಪೆಯ ಮೇಲೆ ಸುಣ್ಣದಲ್ಲಿ ಒಂದೊಂದು ಪದ ಬರೆಯುತ್ತಾಳೆ. ವರ್ಷ ಕಳೆದು, ನೀರು ಬತ್ತಿ, ಒಳಗೆ ಕೊಬ್ಬರಿ ಗಡಗಡ ಅಂದಾಗ ಇಳಿಸುತ್ತಾಳೆ. ಅರ್ಥ ನೆನಪಿದ್ದರೆ ಸುಲಿಯಲು, ಮರೆತಿದ್ದರೆ ಮತ್ತೆ ಅಟ್ಟಕ್ಕೆ. ಇದೆಂಥ ಹುಚ್ಚು ಅಂತ ರೇಗಿದೆ. "ಒಂದು ಕಾಯಿಗೆ ನಿಮ್ಮ ವ್ಯಾಪಾರ ಮುಳುಗೋಗಲ್ಲ ಬುಡಿ" ಅಂದಳು.

ಹೋದ ವಾರ ದೆಹಲಿಯಿಂದ ಒಬ್ಬ ಅಧಿಕಾರಿ ಕೊಬ್ಬರಿ ನೋಡಲು ಬಂದಿದ್ದರು. ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಾನೂ ಕಾಯಿ ಸುಲಿಯುವ ಕೆಂಚಪ್ಪನೂ ಗೋಣು ಆಡಿಸಿದೆವು. ಕಾಫಿ ತಂದ ವಿಮಲ ಲೋಟ ಕೆಳಗಿಟ್ಟು, ಅವರ ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿ, ಕಾಲು ಗಂಟೆ ನಿಲ್ಲದೆ ಮಾತಾಡಿದಳು. ಕೊಬ್ಬರಿ ಚಿಪ್ಪನ್ನು 'ರಿಲಿಂಕ್ವಿಶ್' ಮಾಡುತ್ತದೆ ಅಂದಳು. ಹಾಗೆಂದರೆ, ಹಿಡಿದದ್ದನ್ನು ತಾನಾಗಿ ಬಿಟ್ಟುಕೊಡುವುದಂತೆ. ಅಧಿಕಾರಿ ಬರೆದುಕೊಂಡರು! "ಅಮ್ಮಾವ್ರ ಮೈಮೇಲೆ ದೇವ್ರು ಬಂದೈತೆ ಕಣ್ರೀ" ಅಂದ ಕೆಂಚಪ್ಪ. ಮೂವತ್ತೆಂಟು ವರ್ಷ ಜೊತೆಗಿದ್ದೂ ಇವಳು ಯಾರೆಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ಮನೆಯವರನ್ನು ಕೇಳಿದೆನೆಂದು ಹೇಳು. ಮಗಳು ಜೀವಿತಾಗೆ ನನ್ನ ಆಶೀರ್ವಾದ. ಸಿದ್ಧರಾಮೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ,
ಸದಾಶಿವಯ್ಯ

ತಾ.ಕ.: ಅಟ್ಟದ ಮೂಲೆಯಲ್ಲಿ ಒಂದು ಹಳೇ ಕಾಯಿ ಸಿಕ್ಕಿತು. ಮೇಲೆ 'ಹ್ಯುಮಿಲಿಯೇಶನ್' ಅಂತ ಬರೆದಿತ್ತು. ಡಿಕ್ಷನರಿ ತೆಗೆದು ನೋಡಿದೆ. ನಾಲ್ಕು ಜನರೆದುರು ಆಗುವ ಅವಮಾನ. ನಿನ್ನ ಮದುವೆಯೂಟದಲ್ಲಿ ಅವಳು ನಿಮ್ಮ ಹೆಡ್‌ಮಾಸ್ಟರ ಹತ್ತಿರ ಎರಡು ಮಾತು ಇಂಗ್ಲಿಷಿನಲ್ಲಿ ಆಡಿದ್ದಳು. ನಾನು ಅಣಕಿಸಿದೆ, ನೀನೂ ನಕ್ಕೆ, ಪಂಕ್ತಿಯೆಲ್ಲ ನಕ್ಕಿತು. ನೆನಪಿದೆಯಾ? ಇಬ್ಬರೂ ಸೇರಿ ಕ್ಷಮೆ ಕೇಳೋಣ, ಬೇಗ ಬಾ. "ಇದರ ಅರ್ಥ ಮರ್ತೆಯೇನೇ?" ಅಂತ ಮಾತ್ರ ಕಾಯಿ ತೋರಿಸಿ ಅವಳನ್ನು ಕೇಳಿದೆ. "ಅರ್ಥ ಗೊತ್ತು ಕಣ್ರೀ. ಕಾಯಿ ಇನ್ನೂ ಒಣಗಿಲ್ಲ, ಅಲ್ಲೇ ಇರ್ಲಿ ಬುಡಿ" ಅಂದಳು. ಅವಳು ಒಳಗೆ ಹೋದಮೇಲೆ ಅಲ್ಲಾಡಿಸಿ ನೋಡಿದೆ. ಅದು ಒಣಗಿ ವರ್ಷಗಳೇ ಆಗಿವೆ.