ಮೂಳೆ ನೀಟಾಗೈತೆ

ಆಗಸ್ಟ್ 6, ಮಂಗಳವಾರ

ಇವತ್ತೂ ಮೈದಾನಕ್ಕೆ ಕುಂಟುತ್ತಲೇ ಹೋದೆ. ಖೊ ಖೊ ಹುಡುಗಿಯರಿಗೆ ಕಂಬ ಸುತ್ತುವುದು ತೋರಿಸಲು ಹೋಗಿ ಬಲಮಂಡಿ ತಿರುಚಿ ಬಿದ್ದು ವಾರವಾಯಿತು. ಊತ ಇಳಿದಿಲ್ಲ. ಹೆಡ್‌ಮಾಸ್ಟರ್ ಕಲ್ಲೇಶಪ್ಪನವರು ಎಕ್ಸ್‌ರೇ ಫಿಲಂ ಕಿಟಕಿಗೆ ಹಿಡಿದು ನೋಡಿದರು.

"ಮೂಳೆ ನೀಟಾಗೈತಲ್ಲ ಮೇಡಂ. ತಾಲ್ಲೂಕು ಸ್ಪೋರ್ಟ್ಸ್ ಮುಗಿಯೋಗಂಟ ರಜೆ ಕೇಳ್ಬೇಡಿ."

ರಜೆ ಕೇಳಿರಲಿಲ್ಲ. ಕುರ್ಚಿ ಕೇಳಿದ್ದೆ.

ಆಗಸ್ಟ್ 9, ರಾತ್ರಿ

ಅಡುಗೆಮನೆಯಲ್ಲಿ ಮಂಡಿ ಜಾರಿತು. ಸಾರಿನ ಪಾತ್ರೆ ನೆಲಕ್ಕೆ. ಮಂಜುನಾಥ ಬಂದು ಎಬ್ಬಿಸಿದ. "ಡಾಕ್ಟ್ರು ನಾರ್ಮಲ್ ಅಂದ್ರಲ್ಲ ಆಶಾ. ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀಯ."

ಗಂಡ ಅನ್ನುವವನೇ ಹೀಗಂದರೆ... ಮನಸ್ಸಿಗೆ ಹಚ್ಚಿಕೊಂಡರೆ ಮಂಡಿ ಊದುತ್ತದೆಯೇ?

ಆಗಸ್ಟ್ 22, ಗುರುವಾರ

ತಾಲ್ಲೂಕು ಪಂದ್ಯ. ನಮ್ಮ ಹುಡುಗಿಯರು ಗೆದ್ದರು. ಓಡಿ ಬಂದು ತಬ್ಬಿಕೊಂಡರು — ಮಂಡಿ ತಡೆಯಲಿಲ್ಲ, ಎಲ್ಲರೆದುರು ಬಿದ್ದೆ. ಮಡಿಕೇರಿಗೆ ಕರೆದೊಯ್ದರು. ಅಲ್ಲಿಯ ಡಾಕ್ಟರು ಕಾಲು ಹಿಡಿದು ಎಳೆದು ನೋಡಿ, "ಮೈಸೂರಲ್ಲಿ ಎಂಆರ್‌ಐ ಮಾಡಿಸಿ" ಎಂದರು. ಎಕ್ಸ್‌ರೇ ತೆಗೆಸಿದ ಮೊದಲ ಡಾಕ್ಟರು ಹೀಗೊಮ್ಮೆ ಮುಟ್ಟಿ ನೋಡಬಾರದಿತ್ತೇ!

ಆಗಸ್ಟ್ 24, ಸಂಜೆ

ಮೈಸೂರು. ಬಳೆ, ಕಾಲುಂಗುರ, ತಾಳಿ ಎಲ್ಲ ಬಿಚ್ಚಿ ಮಂಜುನಾಥನ ಕೈಗೆ ಕೊಟ್ಟೆ. ಅಲುಗಾಡದೆ ಮಲಗಿದ್ದೆ. ಮೆಷಿನ್ನಿನ ಟಕಟಕ ಇನ್ನೂ ಕಿವಿಯಲ್ಲಿದೆ. ಆಮೇಲೆ ಡಾಕ್ಟರ್ ಮಾಲತಿ ಎರಡೂ ಚಿತ್ರ ಪಕ್ಕಪಕ್ಕ ಇಟ್ಟರು.

"ಎಕ್ಸ್‌ರೇನಲ್ಲಿ ಮೂಳೆ ಬಿಳಿ. ಮಾಂಸಖಂಡ, ಮೂಳೆಗಳನ್ನ ಕಟ್ಟಿ ಹಿಡಿಯೋ ಲಿಗಮೆಂಟು ಎಲ್ಲ ಒಂದೇ ಬೂದಿ ಬಣ್ಣ, ಬೇರೆ ಬೇರೆಯಾಗಿ ಗೊತ್ತಾಗಲ್ಲ. ಎಂಆರ್‌ಐನಲ್ಲಿ ನೋಡಿ, ನೀರು ಬೆಳ್ಳಗಿದೆ. ಲಿಗಮೆಂಟು ಕಪ್ಪು ಹಗ್ಗದ ಥರ ಕಾಣ್ಬೇಕು."

ಮಂಡಿಯ ಹಿಂಬದಿಯ ಹಗ್ಗವಿತ್ತು. ಮುಂಬದಿಯದು ಇರಬೇಕಾದಲ್ಲಿ ಬರೀ ಬಿಳಿ ಮಬ್ಬು.

"ಪೂರ್ತಿ ಹರಿದಿದೆ. ಆಪರೇಷನ್ ಬೇಕಾಗುತ್ತೆ. ಇಷ್ಟು ದಿನ ಹೇಗೆ ಓಡಾಡಿದ್ರಿ?"

ಮಂಜುನಾಥ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ನನ್ನ ಮಾತು ನಿಜವಾಯಿತು. ಸಮಾಧಾನವಾಗಬೇಕಿತ್ತು. ಅಳು ಬಂತು. ಬಾಯಿಬಿಟ್ಟು ಹೇಳಿದ್ದಕ್ಕೆ ಇಲ್ಲದ ಬೆಲೆ ಮೆಷಿನ್ನಿಗೆ.

ಆಗಸ್ಟ್ 25, ಭಾನುವಾರ

ಹೆಡ್‌ಮಾಸ್ಟರ್ ಫೋನು. "ಆಪರೇಷನ್ನಾ? ಹಂಗಾದ್ರೆ ಜಿಲ್ಲಾ ಮಟ್ಟಕ್ಕೆ ಮಕ್ಕಳನ್ನ ಯಾರು ಕರ್ಕೊಂಡೋಗದು ಮೇಡಂ?" ಕಟ್ ಮಾಡಿದೆ.

ಮಂಜುನಾಥ ಮಂಚದ ತುದಿಯಲ್ಲಿ ಕೂತ. "ನೀನು ಸುಳ್ಳು ಹೇಳ್ತೀಯ ಅಂದ್ಕೊಂಡಿರ್ಲಿಲ್ಲ. ಏನಾದ್ರೂ ಆಗಿದ್ರೆ ಎಕ್ಸ್‌ರೇನಲ್ಲಿ ಕಾಣ್ಬೇಕಿತ್ತಲ್ಲ ಅಂತ..."

"ನಾನು ಕಾಣಿಸ್ತಿರ್ಲಿಲ್ವಾ?"

ಕೇಳಿಯೇಬಿಟ್ಟೆ. ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲಲ್ಲಿ ನಿಂತ. ಕಣ್ಣು ಕೆಂಪಗಿತ್ತು. ಒಳಗೆ ಬಂದು ನನ್ನ ಕಾಲ ಬಳಿ ಕೂತು, "ಎಲ್ಲಿ ನೋಯ್ತಿದೆ, ನೀನೇ ಹೇಳು" ಅಂದ.