ಕೊಳವೆಗೊಂದು ಕೆಂಪು ಗವಸು

ಅಮ್ಮಾ,

ಕೈ, ಕಾಲು, ತಲೆ ಎಲ್ಲ ಇದ್ದಲ್ಲೇ ಇವೆ. ಮೊದಲು ಅದನ್ನೇ ಬರೆದುಬಿಡುತ್ತೇನೆ. ನಿನ್ನೆ ನಾವು ಕಟ್ಟಿದ ವಿಮಾನ ಹಾರಿತು. ಒಳಗೆ ನಾನಿದ್ದೆ.

ಗಾಳಿಯ ವೇಗ ಅಳೆಯುವ ಕೊಳವೆಯನ್ನು ನಿನ್ನ ಮುದ್ದಿನ ಅಳಿಯ ಮೊದಲು ವಿಮಾನದ ಮೂತಿಯ ಪಕ್ಕದಲ್ಲೇ ಕೂರಿಸಿದ್ದ. ವಿಮಾನವನ್ನು ಕಂಬಕ್ಕೆ ಬಿಗಿದು ಎಂಜಿನ್ ಶುರು ಮಾಡಿದರೆ, ಮುಂದಿನ ಫ್ಯಾನಿನ ಗಾಳಿ ನೇರ ಅದರೊಳಗೆ ನುಗ್ಗಿ ಮೀಟರಿನ ಮುಳ್ಳು ಅರವತ್ತಕ್ಕೆ ಜಿಗಿಯಿತು. "ನೋಡೇ, ಕಟ್ಟಿಹಾಕಿದ್ರೂ ಹಾರ್ತಾ ಇದೀವಿ!" ಎಂದು ಕೂಗಿದ. ನಕ್ಕು ನಕ್ಕು ನನಗೆ ಹೊಟ್ಟೆನೋವು ಬಂತು. ಈಗ ಕೊಳವೆ ದೂರ, ರೆಕ್ಕೆಯ ತುದಿಯಡಿ, ಫ್ಯಾನು ಕದಡದ ಗಾಳಿಗೆ ಮೊಳದುದ್ದ ಚಾಚಿಕೊಂಡಿದೆ, ಇನ್ನು ಮೀಟರು ಸುಳ್ಳು ಹೇಳುವುದಿಲ್ಲ.

ಆದರೆ ಕಣಜಗಳು ಅದರೊಳಗೆ ಗೂಡು ಕಟ್ಟಲು ಹೊಂಚು ಹಾಕುತ್ತಿವೆ. ನಿನ್ನ ಹೊಲಿಗೆ ಅಂಗಡಿಯ ಕೆಂಪು ಬಟ್ಟೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಗವಸು ಹೊಲಿದು ಕಳಿಸು. ಉದ್ದ ಬಾಲ ಇರಲಿ. ಹಾರುವ ಮುಂಚೆ ತೆಗೆಯಲು ಮರೆಯಬಾರದು.

"ನೆಲದ ಮೇಲೇ ನೆಟ್ಟಗೆ ನಡೆಯೋಕೆ ಬರಲ್ಲ ನಿಂಗೆ" ಅಂದಿದ್ದೆಯಲ್ಲ, ನೆಟ್ಟಗೇ ಇಳಿದೆ.

ಊರವರ ಅಳತೆಯೆಲ್ಲ ತೆಗೆಯುವವಳು ನೀನು. ಗವಸಿನ ಜೊತೆ ನಿನ್ನ ಸೊಂಟದ ಅಳತೆಯನ್ನೂ ಬರೆದು ಕಳಿಸು. ಪಕ್ಕದ ಸೀಟಿನ ಬೆಲ್ಟು ಇನ್ನೂ ಕತ್ತರಿಸಿಲ್ಲ.

ಸದ್ಯಕ್ಕೆ ನೆಲದ ಮೇಲಿರುವ
ನಿನ್ನ ಮಗಳು