ಮೂರನೆಯ ತರಗತಿಯ ಬಾಗಿಲು

ಹಾ ಸೆಪೆಟ್ಲೊ ಗ್ರಾಮ
ಸೆಪ್ಟೆಂಬರ್ ೧೨

ಮಗಳೇ ಲಿಖಾಬಿಸೊ,

ಮಸೇರುವಿನ ಹೊಲಿಗೆ ಕಾರ್ಖಾನೆಯಲ್ಲಿ ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಮಗ ತೆಬೆಲೊನನ್ನು ಮಣ್ಣು ಮಾಡಿದ ದಿನದಿಂದ ನೀನು ನನಗೆ ಒಂದು ಸಾಲೂ ಬರೆದಿಲ್ಲ. ಆದರೂ ಬರೆಯುತ್ತೇನೆ, ನನ್ನ ಹಟ ನಿನಗೆ ಹೊಸದಲ್ಲ.

ಗಾಳಿಗೆ ನಮ್ಮ ಶಾಲೆ ಕುಸಿದ ಮೇಲೆ, ಬದುಕುಳಿದ ಮಕ್ಕಳು ಗುಡ್ಡದ ಮೇಲಿನ ಊರಿನ ಶಾಲೆಗೆ ಹೋಗುತ್ತಿದ್ದಾರೆ. ವರ್ಷವಾದರೂ ಅಲ್ಲಿ ಅವರಿಗೆ ‘ನೆಂಟರು’ ಎಂದೇ ಹೆಸರು. ಎಲ್ಲರಿಗೂ ಇದು ನಮ್ಮದೇ ಶಾಲೆ ಅನ್ನಿಸುವ ಹಾಗೆ ಗೋಡೆಗಳ ಮೇಲೆ ಚಿತ್ರ ಬರೆದುಕೊಡಬೇಕೆಂದು ಹೆಡ್‌ಮಾಸ್ಟರ್ ಲೆತುಕಾ ನನ್ನನ್ನು ಕೇಳಿಕೊಂಡರು.

ಮೊದಲು ಮಾಡಿದ್ದು ಶುದ್ಧ ಪೆದ್ದುತನ. ಗೇಟಿನ ಮೇಲೆ ದೊಡ್ಡದೊಂದು ಮೊಸಳೆ ಬರೆದೆ. ನಾನು ಹುಟ್ಟಿದ್ದು ಮೊಸಳೆ ಕುಲದಲ್ಲಿ, ಮೇಲಿನ ಊರಿನದೂ ಅದೇ ಕುಲ. ಕೈ ತಾನಾಗಿ ಓಡಿತು. ನಮ್ಮೂರಿನ ಸಿಂಹದ ಕುಲಕ್ಕೆ ಸೊಸೆಯಾಗಿ ಬಂದು ಮೂವತ್ತೈದು ವರ್ಷವಾದದ್ದು ಮರೆತೇಹೋಯಿತು. ಮರುದಿನ ನಮ್ಮೂರಿನ ಮಕ್ಕಳೆಲ್ಲ ಬೇಲಿ ತೂರಿ ಒಳಗೆ ಬಂದರು. ಯಾಕೆಂದು ಕೇಳಿದರೆ ಪಕ್ಕದ ಮನೆಯ ಪುಟ್ಟಿ ಸೆಬಾಬತ್ಸೊ, "ಅದು ಅವ್ರ ಮೊಸಳೆ ಅಜ್ಜಿ. ಅದ್ರ ಕೆಳಗೆ ನಾವ್ಯಾಕೆ ಹೋಗ್ಬೇಕು?" ಅಂದಳು.

"ಪಕ್ಕದಲ್ಲೊಂದು ಸಿಂಹ ಬರೆದ್ಬಿಡಮ್ಮ, ಜಗಳ ಮುಗೀತದೆ" ಎಂದರು ಲೆತುಕಾ.

"ಎರಡು ಪ್ರಾಣಿ ಬರೆದ್ರೆ ಎರಡು ಶಾಲೆ ಆಗ್ತವೆ ಮೇಷ್ಟ್ರೇ" ಎಂದು ಮೊಸಳೆಯನ್ನು ಉಜ್ಜಿ ಅಳಿಸಿದೆ.

ಎರಡೂ ಊರಿನ ಹೆಂಗಸರನ್ನು ಕರೆದೆ. ಅವರ ಕೆಮ್ಮಣ್ಣು, ನಮ್ಮ ಬಿಳಿಮಣ್ಣು, ಸಗಣಿ ಕಲಸಿ, ಮನೆಗೆ ಮೆತ್ತುವ ಹಾಗೆಯೇ ಮೆತ್ತಿದೆವು. ಹಸಿಯಿರುವಾಗಲೇ ಮಕ್ಕಳು ಸಾಲಾಗಿ ನಿಂತು ಬೆರಳಿನಿಂದ ನೇಗಿಲಿನ ಗೆರೆ ಎಳೆದರು. ಗೇಟಿನಿಂದ ಹೊರಟ ಗೆರೆ ಎಲ್ಲಿಯೂ ಕಡಿಯದೆ ಎಲ್ಲ ಕೋಣೆಗಳನ್ನೂ ಸುತ್ತುತ್ತದೆ. ಒಂದನೆಯ ತರಗತಿಯ ಬಾಗಿಲಿಗೆ ಬೀಜ, ಏಳನೆಯದಕ್ಕೆ ಜೋಳದ ತೆನೆ. ಅಕ್ಷರ ಬಾರದ ಮಗುವಿಗೂ ತನ್ನ ಕೋಣೆ ಸಿಗುತ್ತದೆ.

ನಿನ್ನೆ ಎಲ್ಲರೂ ಗೇಟಿನಿಂದಲೇ ಬಂದರು. ಸೆಬಾಬತ್ಸೊ ಮೇಲಿನ ಊರಿನ ಹುಡುಗಿಯೊಬ್ಬಳ ಹತ್ತಿರ, "ನಿನ್ ಗೆರೆ ಸೊಟ್ಟ, ನಂದು ನೋಡು" ಎಂದು ಜಗಳ ಕಾಯುತ್ತಿದ್ದಳು. ಅದನ್ನು ಕೇಳಿ ನಗು ಬಂತು, ಆಮೇಲೆ ಮೂರನೆಯ ತರಗತಿಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ತೆಬೆಲೊ ಈ ವರ್ಷ ಮೂರನೆಯ ತರಗತಿಯಲ್ಲಿರುತ್ತಿದ್ದ.

ಆ ಬಾಗಿಲಿಗೆ ಮೊಳಕೆ ಬರೆಯಬೇಕು. ನಾನು ಬರೆದಿಲ್ಲ, ಯಾರಿಗೂ ಬರೆಯಲು ಬಿಟ್ಟಿಲ್ಲ. ಅದು ನಿನ್ನ ಕೈಯಿಂದಲೇ ಆಗಲಿ. ಒಂದು ದಿನದ ಮಟ್ಟಿಗಾದರೂ ಬಾ ಮಗಳೇ.

ಊರೆಲ್ಲ ಇಂದಿಗೂ ಲಿಖಾಬಿಸೊಳ ತಾಯಿ ಎಂದೇ ಕರೆಯುವ,
ಮಾಲಿಖಾಬಿಸೊ

ಮರೆತು ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿಸಿಕೊಂಡದ್ದು: ಶಾಲೆ ಕುಸಿದ ದಿನ ತೆಬೆಲೊ ಕುಣಿಯುತ್ತಾ ಶಾಲೆಗೆ ಹೋದ ಎಂದು ನಿನಗೆ ಹೇಳಿದ್ದು ಸುಳ್ಳು. "ಗಾಳಿ ಜೋರಿದೆ, ಇವತ್ತೊಂದಿನ ಬೇಡ ಅಜ್ಜಿ" ಅಂದಿದ್ದ. ನಾನೇ ಕೈಹಿಡಿದು ಎಳೆದುಕೊಂಡು ಹೋಗಿ ಬಿಟ್ಟುಬಂದೆ. ಇದು ತಿಳಿದ ಮೇಲೂ ಬರುವ ಮನಸ್ಸಾದರೆ ಬಾ.